ಡೈರೆಕ್ಟ್ ಇನ್‌ಡೈರೆಕ್ಟ್: ಟೇಬಲ್ ಪೂರ್ತಿ ಬಾಯಿಪಾಠ ಇದೆ, ಸಂಭಾಷಣೆ ಕೊಟ್ಟರೆ ಮಾತ್ರ ತಪ್ಪುತ್ತೆ

ಬನಹಟ್ಟಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಾವು ಬನಹಟ್ಟಿಯವರು. ಮನೆಯಲ್ಲಿ ಪವರ್‌ಲೂಮ್ ಇದೆ, ಸೀರೆ ನೇಯುತ್ತೇವೆ. ನನ್ನ ತಮ್ಮ ಈ ವರ್ಷ ಸೆಕೆಂಡ್ ಪಿಯುಸಿ ಕಾಮರ್ಸ್. ಅಕೌಂಟ್ಸ್ ಅಂದ್ರೆ ಅವನಿಗೆ ಪ್ರಾಣ. ಇಂಗ್ಲಿಷ್ ಪುಸ್ತಕ ತೆಗೆದರೆ ಮಾತ್ರ ಮುಖ ಸಣ್ಣದಾಗುತ್ತೆ. ಅದರಲ್ಲೂ ಪೇಪರಿನಲ್ಲಿ ಇಬ್ಬರ ಸಂಭಾಷಣೆ ಕೊಟ್ಟು ರಿಪೋರ್ಟ್ ಮಾಡಿ, ಅಂದ್ರೆ ಅವರ ನೇರ ಮಾತನ್ನು ಇನ್‌ಡೈರೆಕ್ಟ್ ಸ್ಪೀಚ್‌ಗೆ ತಿರುಗಿಸಿ ಬರೆಯಿರಿ ಅಂತ ಕೇಳ್ತಾರಲ್ಲ, ಅಲ್ಲೇ ಎಲ್ಲ ಅಂಕ ಹೋಗ್ತಾ ಇದೆ.

ಟ್ಯೂಷನ್‌ನಲ್ಲಿ ಒಂದು ಝೆರಾಕ್ಸ್ ಹಾಳೆ ಕೊಟ್ಟಿದ್ದಾರೆ. ಎಡಗಡೆ ಈಸ್, ಬಲಗಡೆ ವಾಸ್. ಎಡಗಡೆ ಟುಮಾರೋ, ಬಲಗಡೆ ದಿ ನೆಕ್ಸ್ಟ್ ಡೇ. ಹೀಗೆ ಕೆಳಗಿನ ತನಕ. ಅದನ್ನು ಗೋಡೆಗೆ ಅಂಟಿಸಿಕೊಂಡು ಪೂರ್ತಿ ಬಾಯಿಪಾಠ ಮಾಡಿದ್ದಾನೆ. ನಡುವೆ ಎಲ್ಲಿಂದ ಕೇಳಿದರೂ ಹೇಳ್ತಾನೆ. ಆದರೆ ನಿನ್ನೆ ಬರೆದ ಉತ್ತರ ನೋಡಿ. ಪ್ರಶ್ನೆ ಹೀಗಿತ್ತು:

ಕಂಡಕ್ಟರ್: ವೇರ್ ಆರ್ ಯು ಗೋಯಿಂಗ್?
ರವಿ: ಐ ಆಮ್ ಗೋಯಿಂಗ್ ಟು ಮುಧೋಳ. ವಿಲ್ ದಿಸ್ ಬಸ್ ಸ್ಟಾಪ್ ನಿಯರ್ ದಿ ಕಾಲೇಜ್?
ಕಂಡಕ್ಟರ್: ನೋ. ಯು ಮಸ್ಟ್ ಗೆಟ್ ಡೌನ್ ಅಟ್ ದಿ ಬಸ್ ಸ್ಟ್ಯಾಂಡ್. ಶೋ ಮಿ ಯುವರ್ ಪಾಸ್.
ರವಿ: ಐ ಹ್ಯಾವ್ ಲೆಫ್ಟ್ ಇಟ್ ಅಟ್ ಹೋಮ್. ಪ್ಲೀಸ್ ಗಿವ್ ಮಿ ಅ ಟಿಕೆಟ್.

ಅವನು ಬರೆದದ್ದು:

'ದಿ ಕಂಡಕ್ಟರ್ ಆಸ್ಕ್ಡ್ ದಟ್ ವೇರ್ ವಾಸ್ ಹಿ ಗೋಯಿಂಗ್. ರವಿ ಟೋಲ್ಡ್ ದಟ್ ಐ ವಾಸ್ ಗೋಯಿಂಗ್ ಟು ಮುಧೋಳ ಅಂಡ್ ಆಸ್ಕ್ಡ್ ದಟ್ ವುಡ್ ದಟ್ ಬಸ್ ಸ್ಟಾಪ್ ನಿಯರ್ ದಿ ಕಾಲೇಜ್. ದಿ ಕಂಡಕ್ಟರ್ ಟೋಲ್ಡ್ ನೋ ಅಂಡ್ ಯು ಹ್ಯಾಡ್ ಟು ಗೆಟ್ ಡೌನ್ ಅಟ್ ದಿ ಬಸ್ ಸ್ಟ್ಯಾಂಡ್ ಅಂಡ್ ಶೋಡ್ ಮಿ ಯುವರ್ ಪಾಸ್. ರವಿ ಟೋಲ್ಡ್ ದಟ್ ಐ ಹ್ಯಾಡ್ ಲೆಫ್ಟ್ ಇಟ್ ಅಟ್ ಹೋಮ್ ಅಂಡ್ ಪ್ಲೀಸ್ ಗೇವ್ ಮಿ ಅ ಟಿಕೆಟ್.'

ಹಾಳೆಯಲ್ಲಿ ಇದ್ದ ಹಾಗೆ ಎಲ್ಲ ಬದಲಾಯಿಸಿದ್ದಾನೆ. ಆದರೂ ಓದುವಾಗ ಸರಿ ಅನ್ನಿಸಲ್ಲ. ನಾನು ಕನ್ನಡ ಮೀಡಿಯಂನಲ್ಲಿ ಬಿಎ ಮುಗಿಸಿದವಳು. ಎಲ್ಲಿ ತಪ್ಪಿದೆ ಅಂತ ಅಂದಾಜು ಆಗುತ್ತೆ, ಯಾಕೆ ತಪ್ಪು ಅಂತ ಅವನಿಗೆ ಬಿಡಿಸಿ ಹೇಳಲು ಬರ್ತಾ ಇಲ್ಲ. ದಯವಿಟ್ಟು ಇನ್ನೊಂದು ಟೇಬಲ್ ಕಳಿಸಬೇಡಿ. ಅವನ ತಲೆಗೆ ಹೋಗುವ ಹಾಗೆ ಯಾರಾದರೂ ತಿಳಿಸಿ.

ಗುಮ್ಮಟ ನಗರಿ

ಅಕ್ಕಾ, ನಾನು ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಾ ಇದ್ದೇನೆ. ಅವನಿಗೆ ಮೊದಲು ಎಸ್, ಒ, ಎನ್ ಸೂತ್ರ ಹೇಳಿಕೊಡಿ. ಕೋಚಿಂಗ್‌ಗಳಲ್ಲಿ ಇದನ್ನೇ ಮೊದಲು ಹೇಳ್ತಾರೆ. ಎಸ್ ಅಂದ್ರೆ ಸಬ್ಜೆಕ್ಟ್, ಒ ಅಂದ್ರೆ ಆಬ್ಜೆಕ್ಟ್, ಎನ್ ಅಂದ್ರೆ ನೋ ಚೇಂಜ್. ಫಸ್ಟ್ ಪರ್ಸನ್ ಇದ್ದರೆ, ಅಂದ್ರೆ ಐ, ವಿ, ಮೈ ಇದ್ದರೆ, ಹೇಳಿದವನ ಪ್ರಕಾರ ಬದಲಾಯಿಸಬೇಕು. ಸೆಕೆಂಡ್ ಪರ್ಸನ್ ಇದ್ದರೆ, ಅಂದ್ರೆ ಯು, ಯುವರ್ ಇದ್ದರೆ, ಕೇಳಿಸಿಕೊಂಡವನ ಪ್ರಕಾರ. ಹಿ, ಶಿ, ಇಟ್, ದೇ ಇದ್ದರೆ ಮುಟ್ಟಬಾರದು.

ಅವನ ಉತ್ತರದಲ್ಲಿ ಪ್ರೊನೌನ್ ಹೆಚ್ಚುಕಡಿಮೆ ಎಲ್ಲ ಹಾಗೇ ಉಳಿದಿವೆ. ಈ ಸೂತ್ರ ಹಾಕಿದರೆ ಅರ್ಧ ಸರಿ ಹೋಗುತ್ತೆ. ಇನ್ನೊಂದು ಮಾತು. ರಿಪೋರ್ಟಿಂಗ್ ವರ್ಬ್, ಅಂದ್ರೆ ಹೇಳಿದ, ಕೇಳಿದ ಅನ್ನುವ ಕ್ರಿಯಾಪದ, ಸೆಸ್ ಅಂತ ಪ್ರೆಸೆಂಟ್‌ನಲ್ಲಿ ಇದ್ದರೆ ಟೆನ್ಸ್ ಮುಟ್ಟುವ ಹಾಗಿಲ್ಲ. ಬಹಳ ಜನ ಅದನ್ನು ನೋಡದೆ ಬದಲಾಯಿಸಿ ಅಂಕ ಕಳ್ಕೊಳ್ತಾರೆ.

ಘಟಪ್ರಭೆ ಮಾಸ್ತರ

ತಂಗಿ, ನಾನು ಮುಧೋಳ ತಾಲೂಕಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ನಿಮ್ಮ ತಮ್ಮನ ಉತ್ತರ ಸಮಾಧಾನದಿಂದ ಓದಿದೆ. ಹುಡುಗ ಟೆನ್ಸ್ ಒಂದನ್ನೂ ಬಿಟ್ಟಿಲ್ಲ. ಆಮ್ ವಾಸ್ ಆಗಿದೆ, ವಿಲ್ ವುಡ್ ಆಗಿದೆ, ಹ್ಯಾವ್ ಲೆಫ್ಟ್ ಹ್ಯಾಡ್ ಲೆಫ್ಟ್ ಆಗಿದೆ, ಮಸ್ಟ್ ಕೂಡ ಹ್ಯಾಡ್ ಟು ಆಗಿದೆ. ಬದಲಾಗಬಾರದ ಶೋ, ಗಿವ್ ಸಹ ಶೋಡ್, ಗೇವ್ ಆಗಿಬಿಟ್ಟಿವೆ. ಟೇಬಲ್ ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅವನಿಗೆ ಸಿಗದೇ ಇರೋದು ಟೇಬಲ್‌ನಲ್ಲಿ ಇಲ್ಲದ ವಿಷಯ. ಈಗ ಮಾತು ಯಾರ ಬಾಯಲ್ಲಿದೆ ಅನ್ನೋದು. 'ರವಿ ಟೋಲ್ಡ್ ದಟ್ ಐ ವಾಸ್ ಗೋಯಿಂಗ್ ಟು ಮುಧೋಳ' ಅಂತ ಬರೆದರೆ ಮುಧೋಳಕ್ಕೆ ಹೊರಟವನು ನಿಮ್ಮ ತಮ್ಮನೇ ಆಗ್ತಾನೆ, ರವಿ ಅಲ್ಲ.

ಈ ತಪ್ಪು ಸುಮ್ನೆ ಬಂದದ್ದಲ್ಲ. ನಾವು ಮನೆಯಲ್ಲಿ ಮಾತಾಡುವ ರೀತಿಯಿಂದಲೇ ಬಂದದ್ದು. ನಿಮ್ಮದು ಮಗ್ಗದ ಮನೆ ಅಂದಿರಿ, ಅಲ್ಲಿಂದಲೇ ಒಂದು ಉದಾಹರಣೆ ತಗೊಳ್ಳೋಣ. ಸೋಮವಾರ ಸಾವುಕಾರರು ಫೋನ್ ಮಾಡ್ತಾರೆ ಅಂತ ಇಟ್ಕೊಳ್ಳಿ. ಫೋನ್ ಎತ್ತಿದವರು ನೀವು. ಮಗ್ಗದ ಸದ್ದಿಗೆ ಏನೂ ಕೇಳಿಸಲ್ಲ, ಒಂದು ಕಿವಿ ಮುಚ್ಚಿಕೊಂಡು ಹೊರಗೆ ಕಟ್ಟೆಗೆ ಬರ್ತೀರಿ. ಅವರು ಹೇಳ್ತಾರೆ: 'ನಾಳೆ ನಿಮ್ಮ ಮನಿಗೆ ಬರ್ತೀನಿ. ಸೀರಿ ಮಡಿಚಿ ಇಡ್ರಿ. ನಿಮ್ಮ ತಮ್ಮ ನೂಲು ತಂದಾನೇನು?' ನೀವು ಒಳಗೆ ಹೋಗಿ ಅಪ್ಪನಿಗೆ ಹೇಳ್ತೀರಿ: 'ಸಾವುಕಾರ್ರು ನಾಳೆ ಬರ್ತೀನಿ ಅಂದ್ರು, ಸೀರಿ ಮಡಿಚಿ ಇಡ್ರಿ ಅಂದ್ರು, ತಮ್ಮ ನೂಲು ತಂದಾನೇನು ಅಂತ ಕೇಳಿದ್ರು.'

ಗಮನಿಸಿದಿರಾ? ಸಾವುಕಾರರ ಮಾತು ಅವರ ಬಾಯಲ್ಲಿ ಇದ್ದ ಹಾಗೇ ಬಂತು. ಬರ್ತೀನಿ ಅನ್ನೋದು ಬರ್ತೀನಿ ಆಗಿಯೇ ಉಳಿಯಿತು. ಬರೋದು ನೀವು ಅಂತ ಅಪ್ಪ ತಿಳ್ಕೊಳ್ಳೋದಿಲ್ಲ. ಕೊನೆಗೆ ಒಂದು 'ಅಂತ' ಅಥವಾ 'ಅಂದ್ರು' ಬಂದರೆ ಸಾಕು, ಅದರ ಹಿಂದಿನದೆಲ್ಲ ಇನ್ನೊಬ್ಬರ ಮಾತು ಅಂತ ನಮ್ಮ ಕಿವಿಗೆ ಗೊತ್ತಾಗುತ್ತೆ. ಹೇಳಿಕೆ ಇರಲಿ, ಪ್ರಶ್ನೆ ಇರಲಿ, ಆಜ್ಞೆ ಇರಲಿ, ಎಲ್ಲಕ್ಕೂ ಅದೊಂದೇ ನಡೆಯುತ್ತೆ.

ನಿಮ್ಮ ತಮ್ಮ ಈ 'ಅಂತ' ಬರುವ ಕಡೆಯೆಲ್ಲ ದಟ್ ಇಟ್ಟಿದ್ದಾನೆ. 'ಎಲ್ಲಿಗೆ ಹೊಂಟಿ ಅಂತ ಕೇಳಿದ' ಅನ್ನೋದೇ 'ಆಸ್ಕ್ಡ್ ದಟ್ ವೇರ್ ವಾಸ್ ಹಿ ಗೋಯಿಂಗ್' ಆಗಿ ಕೂತಿದೆ. ಇಂಗ್ಲಿಷಿನ ದಟ್ ಅಷ್ಟೆಲ್ಲ ಭಾರ ಹೊರುವುದಿಲ್ಲ. ಇಂಥ ಕಡೆ ದಟ್ ಆದ ಮೇಲೆ ಹೇಳಿಕೆ ಮಾತ್ರ ಬರಬೇಕು. ಪ್ರಶ್ನೆಗೆ ಬೇರೆ ದಾರಿ, ಆಜ್ಞೆಗೆ ಬೇರೆ ದಾರಿ.

ಅದಕ್ಕೇ ನಾನು ಮಕ್ಕಳಿಗೆ ಪೆನ್ ಹಿಡಿಯುವ ಮುಂಚೆ ಪೆನ್ಸಿಲ್ ಹಿಡಿಸ್ತೀನಿ. ಸಂಭಾಷಣೆಯ ಪ್ರತಿ ವಾಕ್ಯದ ತಲೆ ಮೇಲೆ ಕನ್ನಡದಲ್ಲೇ ಸಣ್ಣದಾಗಿ ಬರೆಯಬೇಕು: ತಿಳಿಸಿದ, ಕೇಳಿದ, ಮಾಡು ಅಂದ. ಒಂದೇ ಮಾತಿನಲ್ಲಿ ಎರಡು ವಾಕ್ಯ ಇದ್ದರೆ ಎರಡಕ್ಕೂ ಬೇರೆ ಬೇರೆ. ರವಿಯ ಮೊದಲ ಮಾತಿನಲ್ಲಿ 'ಐ ಆಮ್ ಗೋಯಿಂಗ್ ಟು ಮುಧೋಳ' ಅನ್ನೋದು ತಿಳಿಸಿದ, 'ವಿಲ್ ದಿಸ್ ಬಸ್ ಸ್ಟಾಪ್' ಅನ್ನೋದು ಕೇಳಿದ. ಕಂಡಕ್ಟರ್‌ನ 'ಶೋ ಮಿ ಯುವರ್ ಪಾಸ್' ಮಾಡು ಅಂದ. ಇಷ್ಟು ಗುರುತು ಹಾಕಿಕೊಂಡರೆ ಶೋ ಅನ್ನೋದು ಶೋಡ್ ಆಗುವ ಪ್ರಸಂಗವೇ ಬರಲ್ಲ. ಮಾಡು ಅಂದದ್ದಕ್ಕೆ ಟೆನ್ಸ್ ಇಲ್ಲ, ಟು ಹಚ್ಚಿದರೆ ಮುಗೀತು. ಬೇಡ ಅಂದದ್ದಾದರೆ ನಾಟ್ ಟು.

ಪ್ರಶ್ನೆಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಅಂಕ ಹೋಗೋದು ಇಲ್ಲೇ ಜಾಸ್ತಿ. 'ವೇರ್ ಆರ್ ಯು ಗೋಯಿಂಗ್' ಅಂತ ಕೇಳುವಾಗ ಆರ್ ಮುಂದೆ, ಯು ಹಿಂದೆ. ಪ್ರಶ್ನೆ ಕೇಳ್ತಾ ಇದ್ದೀನಿ ಅಂತ ಎದುರಿನವರಿಗೆ ಗೊತ್ತಾಗಲಿ ಅಂತಲೇ ಇಂಗ್ಲಿಷ್ ಹಾಗೆ ತಿರುಗಿಸಿ ಇಡುತ್ತೆ. ರಿಪೋರ್ಟ್ ಮಾಡುವಾಗ ನೀವು ಯಾರಿಗೂ ಪ್ರಶ್ನೆ ಕೇಳ್ತಾ ಇಲ್ಲ. ಒಬ್ಬ ಇನ್ನೊಬ್ಬನಿಗೆ ಕೇಳಿದ ಅನ್ನೋ ಸುದ್ದಿ ಹೇಳ್ತಾ ಇದ್ದೀರಿ. ಸುದ್ದಿ ಹೇಳುವಾಗ ಕರ್ತೃ ಮುಂದೆ, ಕ್ರಿಯೆ ಹಿಂದೆ: 'ಆಸ್ಕ್ಡ್ ರವಿ ವೇರ್ ಹಿ ವಾಸ್ ಗೋಯಿಂಗ್'. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹೋಗಿ ಫುಲ್ ಸ್ಟಾಪ್ ಬರುತ್ತೆ. ಇದಕ್ಕೂ ಕಾರಣ ಅದೇ. ವೇರ್, ವಾಟ್, ವೈ ಇದ್ದರೆ ಆ ಪದವೇ ಎರಡೂ ಭಾಗವನ್ನು ಜೋಡಿಸುತ್ತೆ. ಅಲ್ಲಿ ದಟ್‌ಗೆ ಜಾಗ ಇಲ್ಲ. ಹೌದು ಅಥವಾ ಇಲ್ಲ ಅಂತ ಉತ್ತರ ಬರುವ ಪ್ರಶ್ನೆಗೆ ಅಂಥ ಪದ ಇರಲ್ಲ. ಹಾಗಾಗಿ ಇಫ್ ಅಥವಾ ವೆದರ್ ತಂದು ಇಡಬೇಕು.

ಟೋಲ್ಡ್ ಬರೆದರೆ ಯಾರಿಗೆ ಅಂತ ಹೇಳಲೇಬೇಕು. 'ಟೋಲ್ಡ್ ದಟ್' ನಮ್ಮ ಕಡೆ ಪದವಿ ಮುಗಿಸಿದವರೂ ಬರೀತಾರೆ. 'ಟೋಲ್ಡ್ ಹಿಮ್ ದಟ್' ಇರಬೇಕು. ಯಾರಿಗೆ ಅಂತ ಹೇಳುವುದು ಬೇಡ ಅನ್ನಿಸಿದರೆ ಸೆಡ್ ಹಾಕಿ. ಸೆಡ್ ಮಿ ಅಂತೂ ಬೇಡವೇ ಬೇಡ.

ಈಗ ಟುಮಾರೋ. ಹಾಳೆಯಲ್ಲಿ ಟುಮಾರೋ ಅಂದ್ರೆ ದಿ ನೆಕ್ಸ್ಟ್ ಡೇ ಅಂತ ಇದೆ. ಯಾವಾಗ, ಯಾಕೆ ಅಂತ ಇಲ್ಲ. ಸಾವುಕಾರರ ಫೋನಿಗೆ ಮತ್ತೆ ಬನ್ನಿ. ನೀವು ಅಪ್ಪನಿಗೆ ಹೇಳಿದ್ದು ಸೋಮವಾರವೇ. ಆಗ ಇಂಗ್ಲಿಷಿನಲ್ಲಿ ಹೇಳಿದರೂ ಟುಮಾರೋ ಅಂತಲೇ ಹೇಳಬೇಕು. ಅದೇ ಸುದ್ದಿಯನ್ನು ಊರಿಗೆ ಹೋಗಿದ್ದ ಅವ್ವನಿಗೆ ಗುರುವಾರ ಹೇಳುವಾಗ ಟುಮಾರೋ ಅಂದರೆ ಅವ್ವ ಶುಕ್ರವಾರ ಸಾವುಕಾರರ ದಾರಿ ಕಾಯ್ತಾರೆ. ಆಗ ದಿ ನೆಕ್ಸ್ಟ್ ಡೇ ಬೇಕು. ಹಿಯರ್ ದೇರ್ ಆಗೋದು, ದಿಸ್ ದಟ್ ಆಗೋದು, ಯೆಸ್ಟರ್‌ಡೇ ದಿ ಡೇ ಬಿಫೋರ್ ಆಗೋದು ಎಲ್ಲ ಹೀಗೇ. ಹೇಳುವವರು ಆ ದಿನ, ಆ ಜಾಗ ಬಿಟ್ಟು ಬಂದಿದ್ದರೆ ಮಾತ್ರ ಬದಲಾಗುತ್ತೆ. ಪರೀಕ್ಷೆಯಲ್ಲಿ ಯಾವ ದಿನ, ಯಾವ ಜಾಗದಿಂದ ಹೇಳ್ತಾ ಇದ್ದೇವೆ ಅಂತ ಕೊಟ್ಟಿರಲ್ಲ. ಹಾಗಾಗಿ ದಿನವೂ ಕಳೆದಿದೆ, ಜಾಗವೂ ಬೇರೆ ಅಂತ ಹಿಡಿದು ಬದಲಾಯಿಸಿಯೇ ಬರೆಯಲಿ.

ವಿಜಯಪುರದ ತಮ್ಮ ಹೇಳಿದ ಸೂತ್ರ ಪರೀಕ್ಷೆಗೆ ಒಳ್ಳೆಯದೇ. ಆದರೆ ಮೂರನೆಯದನ್ನು ಕಣ್ಣುಮುಚ್ಚಿ ನಂಬಬಾರದು. ಒಬ್ಬ ತಂದೆ ನನ್ನ ಹತ್ತಿರ ಬಂದು 'ಮೈ ಸನ್ ಈಸ್ ಇಲ್' ಅಂದರು ಅಂತ ಇಟ್ಕೊಳ್ಳಿ. ಮರುದಿನ ಆ ಹುಡುಗನೇ ಶಾಲೆಗೆ ಬಂದ. ನಾನು ಅವನಿಗೆ ಹೇಳೋದು 'ಯುವರ್ ಫಾದರ್ ಟೋಲ್ಡ್ ಮಿ ದಟ್ ಯು ವರ್ ಇಲ್' ಅಂತ. ಮಗ ಅನ್ನೋ ಥರ್ಡ್ ಪರ್ಸನ್ ಯು ಆಯಿತು. ಅವನು ಈಗ ನನ್ನ ಎದುರಿಗೇ ನಿಂತಿದ್ದಾನಲ್ಲ, ಅದಕ್ಕೆ. ಈಗ ಯಾರು ಯಾರಿಗೆ ಹೇಳ್ತಾ ಇದ್ದಾರೆ ಅಂತ ನೋಡುವ ಅಭ್ಯಾಸ ಆದರೆ ಸೂತ್ರ ಮರೆತರೂ ಉತ್ತರ ತಪ್ಪಲ್ಲ.

ಕಂಡಕ್ಟರ್ ಸಂಭಾಷಣೆಯನ್ನು ನಾನು ಬರೆದರೆ ಹೀಗೆ ಬರೀತೀನಿ:

'ದಿ ಕಂಡಕ್ಟರ್ ಆಸ್ಕ್ಡ್ ರವಿ ವೇರ್ ಹಿ ವಾಸ್ ಗೋಯಿಂಗ್. ರವಿ ರಿಪ್ಲೈಡ್ ದಟ್ ಹಿ ವಾಸ್ ಗೋಯಿಂಗ್ ಟು ಮುಧೋಳ ಅಂಡ್ ಆಸ್ಕ್ಡ್ ವೆದರ್ ದಟ್ ಬಸ್ ವುಡ್ ಸ್ಟಾಪ್ ನಿಯರ್ ದಿ ಕಾಲೇಜ್. ದಿ ಕಂಡಕ್ಟರ್ ರಿಪ್ಲೈಡ್ ಇನ್ ದಿ ನೆಗೆಟಿವ್ ಅಂಡ್ ಟೋಲ್ಡ್ ರವಿ ದಟ್ ಹಿ ಹ್ಯಾಡ್ ಟು ಗೆಟ್ ಡೌನ್ ಅಟ್ ದಿ ಬಸ್ ಸ್ಟ್ಯಾಂಡ್. ಹಿ ಆಲ್ಸೋ ಟೋಲ್ಡ್ ರವಿ ಟು ಶೋ ಹಿಮ್ ಹಿಸ್ ಪಾಸ್. ರವಿ ಸೆಡ್ ದಟ್ ಹಿ ಹ್ಯಾಡ್ ಲೆಫ್ಟ್ ಇಟ್ ಅಟ್ ಹೋಮ್ ಅಂಡ್ ರಿಕ್ವೆಸ್ಟೆಡ್ ದಿ ಕಂಡಕ್ಟರ್ ಟು ಗಿವ್ ಹಿಮ್ ಅ ಟಿಕೆಟ್.'

ಪ್ಲೀಸ್ ಎಲ್ಲಿ ಹೋಯಿತು ಅಂತ ಅವನು ಕೇಳಬಹುದು. ರಿಕ್ವೆಸ್ಟೆಡ್ ಒಳಗೆ ಅದು ಸೇರಿದೆ. ಥ್ಯಾಂಕ್ಯೂ ಇದ್ದರೆ ಥ್ಯಾಂಕ್ಡ್ ಆಗುತ್ತೆ. ಗುಡ್ ಮಾರ್ನಿಂಗ್ ಇದ್ದರೆ ಗ್ರೀಟೆಡ್.

ಇನ್ನೊಂದು ಕೆಲಸ ಹೇಳ್ತೀನಿ. ಮನೆಗೆ ಕನ್ನಡ ಪೇಪರ್ ಬರ್ತಾ ಇದ್ದರೆ ದಿನಾ ಒಂದು ಸುದ್ದಿ ಓದಿಸಿ. 'ಮುಂದಿನ ವಾರ ಬಾಗಲಕೋಟೆಗೆ ಬರುವುದಾಗಿ ಸಚಿವರು ತಿಳಿಸಿದರು' ಅಂತ ಇರುತ್ತಲ್ಲ, ಅಲ್ಲಿ ಬರ್ತೀನಿ ಅನ್ನೋದು ಹೋಗಿದೆ. ಮಾತು ಸಚಿವರ ಬಾಯಿಂದ ವರದಿಗಾರನ ಬಾಯಿಗೆ ಬಂದಿದೆ. ಈ ಕೆಲಸ ಕನ್ನಡದಲ್ಲೂ ಇದೆ ಅಂತ ಹುಡುಗನಿಗೆ ಒಮ್ಮೆ ಹೊಳೆದರೆ ಇಂಗ್ಲಿಷಿನ ಹೆದರಿಕೆ ಅರ್ಧ ಇಳಿಯುತ್ತೆ.

ಬೆಳಗಾವಿ ಟೈಪಿಸ್ಟ್

ಮಾಸ್ತರ್ ಹೇಳಿದ 'ಮಾತು ಯಾರ ಬಾಯಲ್ಲಿದೆ' ಅನ್ನೋದು ನನ್ನ ದಿನದ ಕೆಲಸ. ಬೆಳಗಾವಿಯಲ್ಲಿ ವಕೀಲರೊಬ್ಬರ ಹತ್ತಿರ ಟೈಪಿಂಗ್ ಮಾಡ್ತೀನಿ. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದನ್ನು ಸಾಮಾನ್ಯವಾಗಿ ಪ್ರಶ್ನೆ, ಉತ್ತರ ಅಂತ ಬರೆಯಲ್ಲ. ಸಾಕ್ಷಿಯೇ ಒಂದೇ ಸಮನೆ ಹೇಳಿಕೊಂಡು ಹೋದ ಹಾಗೆ ಬರೀತಾರೆ. ಬೇಕು ಅನ್ನಿಸಿದರೆ ನ್ಯಾಯಾಧೀಶರು ಯಾವುದಾದರೂ ಭಾಗವನ್ನು ಪ್ರಶ್ನೆ, ಉತ್ತರವಾಗಿಯೇ ಬರೆಸಬಹುದು.

ಪಾಟಿ ಸವಾಲಿನಲ್ಲಿ ವಕೀಲರು ಕೇಳ್ತಾರೆ: 'ನೀವು ಆ ದಿನ ಅಲ್ಲಿ ಇರಲೇ ಇಲ್ಲ, ಅಲ್ವಾ?' ಸಾಕ್ಷಿ ಹೇಳ್ತಾನೆ: 'ಇದ್ದೆ ಸಾಹೇಬ್ರ.' ಹಾಳೆಗೆ ಬರುವುದು: 'ಆ ದಿನ ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ.' ಇಂಗ್ಲಿಷಿನಲ್ಲಿ ಆದರೆ 'ಇಟ್ ಈಸ್ ನಾಟ್ ಟ್ರೂ ಟು ಸಜೆಸ್ಟ್ ದಟ್ ಐ ವಾಸ್ ನಾಟ್ ಅಟ್ ದಿ ಸ್ಪಾಟ್ ಆನ್ ದಟ್ ಡೇ.' ನೋಡಿ, ವಕೀಲರ 'ನೀವು' ಹೋಗಿ 'ನಾನು' ಆಯಿತು. ಇಡೀ ಹಾಳೆ ಸಾಕ್ಷಿಯ ಬಾಯಲ್ಲಿದೆಯಲ್ಲ, ಅದಕ್ಕೆ. ಪ್ರಶ್ನೆಯೂ ಉತ್ತರವೂ ಒಂದೇ ವಾಕ್ಯದಲ್ಲಿ ಕೂತಿವೆ. ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ನಾವು ಮೊದಲು ತೋರಿಸೋದೇ ಇಂಥ ಒಂದು ಸಾಲು.

ಇನ್ನೊಂದು ವಿಷಯ ನಿಮ್ಮ ತಮ್ಮನಿಗೆ ಹೇಳಿ. ಇಬ್ಬರೂ ಗಂಡಸರಾಗಿದ್ದರೆ ಹಿ ಯಾರು ಅಂತ ಗೊಂದಲ ಆಗುತ್ತೆ. 'ಸುರೇಶ ಟೋಲ್ಡ್ ರಮೇಶ ದಟ್ ಹಿ ಹ್ಯಾಡ್ ಲಾಸ್ಟ್ ಹಿಸ್ ಮನಿ.' ದುಡ್ಡು ಕಳಕೊಂಡವನು ಯಾರು? ಕನ್ನಡದಲ್ಲಿ 'ತಾನು ದುಡ್ಡು ಕಳಕೊಂಡೆ ಅಂತ' ಅಂದರೆ ಸುರೇಶ ಅಂತ ಖಚಿತ. ಇಂಗ್ಲಿಷಿನಲ್ಲಿ ಆ ಅನುಕೂಲ ಇಲ್ಲ. ಅದಕ್ಕೇ ಕೋರ್ಟಿನ ಕಾಗದಗಳಲ್ಲಿ ಹಿ ಬಿಟ್ಟು 'ದಿ ಸೆಡ್ ಸುರೇಶ', ಅಂದ್ರೆ ಸದರಿ ಸುರೇಶ, ಅಂತ ಹೆಸರನ್ನೇ ಮತ್ತೆ ಮತ್ತೆ ಬರೀತೇವೆ. ಪರೀಕ್ಷೆಯಲ್ಲಿ ಅಷ್ಟು ಬೇಡ. ಅನುಮಾನ ಬರುವ ಕಡೆ ಹಿ ಬದಲು ಹೆಸರು ಬರೆದರೆ ಸಾಕು. ಮಾಸ್ತರ್ ಉತ್ತರದಲ್ಲೂ ರವಿ, ಕಂಡಕ್ಟರ್ ಅಂತ ಹೆಸರು ಎಷ್ಟು ಸಲ ಬಂದಿದೆ ನೋಡಿ.

ಬನಹಟ್ಟಿ ಅಕ್ಕ

ಎಲ್ಲರಿಗೂ ಬಹಳ ಧನ್ಯವಾದ. ಮಾಸ್ತರ್ ಬರೆದದ್ದನ್ನು ರಾತ್ರಿ ಮಗ್ಗ ನಿಲ್ಲಿಸಿದ ಮೇಲೆ ಅವನಿಗೆ ಓದಿ ಹೇಳಿದೆ. ಸಾವುಕಾರರ ಫೋನ್ ಉದಾಹರಣೆ ಕೇಳಿ ಎದ್ದು ಕೂತ. ಕೆಳಗಿನದು ಅವನೇ ಬರೆದದ್ದು, ನನ್ನ ಫೋನಿನಿಂದ.

ಮಾಸ್ತರ್ ಸರ್, ನಮಸ್ಕಾರ. ನೀವು ಹೇಳಿದ ಫೋನ್ ಮಾತನ್ನು ಗುರುವಾರ ನಾನು ಅವ್ವನಿಗೆ ಹೇಳಿದ ಹಾಗೆ ಬರೆದಿದ್ದೇನೆ. ಮೊದಲು ಪೆನ್ಸಿಲ್‌ನಿಂದ ತಿಳಿಸಿದ, ಮಾಡು ಅಂದ, ಕೇಳಿದ ಅಂತ ಹಾಕಿಕೊಂಡೆ.

'ದಿ ಸಾವುಕಾರ ಟೋಲ್ಡ್ ಅಕ್ಕ ದಟ್ ಹಿ ವುಡ್ ಕಮ್ ಟು ಅವರ್ ಹೌಸ್ ದಿ ನೆಕ್ಸ್ಟ್ ಡೇ. ಹಿ ಟೋಲ್ಡ್ ಹರ್ ಟು ಫೋಲ್ಡ್ ದಿ ಸಾರೀಸ್ ಅಂಡ್ ಆಸ್ಕ್ಡ್ ಹರ್ ವೆದರ್ ಐ ಹ್ಯಾಡ್ ಬ್ರಾಟ್ ದಿ ಯಾರ್ನ್.'

ಕೊನೆಗೆ ಐ ಬರೆದಿದ್ದೇನೆ. ಸೂತ್ರದ ಪ್ರಕಾರ ಯುವರ್ ಬ್ರದರ್ ಅನ್ನೋದು ಹರ್ ಬ್ರದರ್ ಆಗಬೇಕು. ಆದರೆ ಆ ತಮ್ಮ ನಾನೇ ಅಲ್ವಾ ಸರ್? ಸರಿಯಾ?

ಇನ್ನೂ ಕೆಲವು ಅನುಮಾನ ಇವೆ. ಈಸ್ ಯಾವಾಗಲೂ ವಾಸ್ ಆಗಲೇಬೇಕಾ? ಭೂಮಿ ಸುತ್ತುತ್ತೆ ಅನ್ನುವ ವಾಕ್ಯಕ್ಕೆ ಬೇಡ ಅಂತ ಹಾಳೆಯಲ್ಲಿ ಇದೆ, ಬೇರೆ ಯಾವುದಕ್ಕೆ ಬೇಡ ಅಂತ ಗೊತ್ತಾಗಲ್ಲ. ಮತ್ತೆ 'ವಾಟ್ ಅ ಬ್ಯೂಟಿಫುಲ್ ಟೆಂಪಲ್' ಥರದ್ದು, ಲೆಟ್ಸ್ ಥರದ್ದು ಬಂದರೆ ಏನು ಮಾಡಬೇಕು?

ಘಟಪ್ರಭೆ ಮಾಸ್ತರ

ತಮ್ಮಾ, ಐ ಬರೆದದ್ದು ನೂರಕ್ಕೆ ನೂರು ಸರಿ. ಸೂತ್ರ ಬಿಟ್ಟು ಮನುಷ್ಯರನ್ನು ನೋಡಿ ಬರೆದಿದ್ದೀಯ. ಅದೇ ವಾಕ್ಯ ಪರೀಕ್ಷೆಯಲ್ಲಿ ಬಂದರೆ ಹರ್ ಬ್ರದರ್ ಅಂತಲೇ ಬರಿ, ಅಲ್ಲಿ ಆ ತಮ್ಮ ನೀನಲ್ಲ. ಓದಿ ನನಗೆ ಬಹಳ ಸಂತೋಷ ಆಯಿತು.

ಈಸ್, ವಾಸ್ ವಿಷಯ. ಹಾಳೆಯಲ್ಲಿ ಭೂಮಿ, ಸೂರ್ಯ ಮಾತ್ರ ಕೊಟ್ಟು ಬಿಟ್ಟಿರ್ತಾರೆ. ಪಟ್ಟದಕಲ್ಲಿಗೆ ಬಾ. ಅಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತೆ. ಗೈಡ್ ಹೇಳಿದ: 'ದಿ ರಿವರ್ ಫ್ಲೋಸ್ ನಾರ್ತ್ ಹಿಯರ್.' ನದಿ ಇವತ್ತೂ ಹಾಗೇ ಹರೀತಾ ಇದೆ. ಹಾಗಾಗಿ 'ದಿ ಗೈಡ್ ಸೆಡ್ ದಟ್ ದಿ ರಿವರ್ ಫ್ಲೋಸ್ ನಾರ್ತ್ ದೇರ್' ಅಂತ ಬರೀಬಹುದು. ಫ್ಲೋಸ್ ಹಾಗೇ ಇದೆ, ಹಿಯರ್ ಮಾತ್ರ ದೇರ್ ಆಯಿತು. ನೀನು ಈಗ ಪಟ್ಟದಕಲ್ಲಿನಲ್ಲಿ ಇಲ್ಲವಲ್ಲ. ಅದೇ 2019ರ ಆಗಸ್ಟ್‌ನಲ್ಲಿ ಮಲಪ್ರಭೆಗೆ ಮಹಾಪೂರ ಬಂದಾಗ ಯಾರೋ ಫೋನಿನಲ್ಲಿ 'ದಿ ವಾಟರ್ ಈಸ್ ರೈಸಿಂಗ್' ಅಂದಿದ್ದರೆ ಅದನ್ನು ಇವತ್ತು ಹೇಳುವಾಗ ವಾಸ್ ರೈಸಿಂಗ್ ಆಗಲೇಬೇಕು. ಆ ನೀರು ಇಳಿದುಹೋಗಿದೆ. ಈಗಲೂ ಹಾಗೇ ಇದೆಯಾ ಅಂತ ನಿನ್ನನ್ನೇ ಕೇಳಿಕೊ. ಇದೆ ಅಂತ ಖಾತ್ರಿ ಇದ್ದರೆ ಪ್ರೆಸೆಂಟ್ ಬಿಡಬಹುದು. ಅನುಮಾನ ಇದ್ದರೆ ಬದಲಾಯಿಸು, ಬದಲಾಯಿಸಿದರೆ ತಪ್ಪಾಗಲ್ಲ.

ಇತಿಹಾಸದ ಮಾತಿಗೂ ಹೀಗೇ ಒಂದು ರಿಯಾಯಿತಿ ಇದೆ. 'ಚೆನ್ನಮ್ಮ ಫಾಟ್ ದಿ ಬ್ರಿಟಿಷ್ ಇನ್ 1824' ಅಂತ ಟೀಚರ್ ಹೇಳಿದರೆ ಫಾಟ್ ಅನ್ನು ಹ್ಯಾಡ್ ಫಾಟ್ ಮಾಡಬೇಕಿಲ್ಲ. ಇಸವಿಯೇ ಅಲ್ಲಿದೆ, ಯಾವುದು ಮುಂಚೆ ಯಾವುದು ಆಮೇಲೆ ಅಂತ ಯಾರಿಗೂ ಗೊಂದಲ ಆಗಲ್ಲ. ಟೇಬಲ್ ಓದಿದ ಮಕ್ಕಳು ಎಲ್ಲ ಕಡೆ ಹ್ಯಾಡ್ ತುಂಬ್ತಾರೆ. ಇಫ್ ಐ ವರ್ ಯು ಥರದ್ದು ಬಂದರೆ ಅಲ್ಲಿಯೂ ವರ್ ಬದಲಾಗಲ್ಲ. ವುಡ್, ಕುಡ್, ಶುಡ್, ಮೈಟ್ ಮೊದಲೇ ಇದ್ದರೆ ಅವೂ ಹಾಗೇ ಇರ್ತವೆ.

'ವಾಟ್ ಅ ಬ್ಯೂಟಿಫುಲ್ ಟೆಂಪಲ್ ದಿಸ್ ಈಸ್' ಅನ್ನೋದರಲ್ಲಿ ವಾಟ್ ಇದೆ, ಆದರೆ ಪ್ರಶ್ನೆ ಅಲ್ಲ. ಅದು ಉದ್ಗಾರ. ನಿನ್ನ ಪೆನ್ಸಿಲ್ ಪಟ್ಟಿಗೆ ನಾಲ್ಕನೆಯದಾಗಿ ಉದ್ಗರಿಸಿದ ಅಂತ ಸೇರಿಸು. 'ಶಿ ಎಕ್ಸ್‌ಕ್ಲೇಮ್ಡ್ ದಟ್ ಇಟ್ ವಾಸ್ ಅ ವೆರಿ ಬ್ಯೂಟಿಫುಲ್ ಟೆಂಪಲ್.' ವಾಟ್ ಹೋಗಿ ವೆರಿ ಬಂತು. ಟೆಂಪಲ್ ಇವತ್ತೂ ಚೆಂದವೇ ಇದೆ, ಆದರೆ ಉದ್ಗಾರ ಬಂದದ್ದು ಆ ಕ್ಷಣಕ್ಕೆ, ಹಾಗಾಗಿ ವಾಸ್ ಬರೀತೇವೆ. ಖುಷಿಯಿಂದ ಅಂದದ್ದಾದರೆ ವಿತ್ ಜಾಯ್, ದುಃಖದಿಂದ ಅಂದದ್ದಾದರೆ ವಿತ್ ಸಾರೋ ಸೇರಿಸ್ತಾರೆ. ಮಾತಿನಲ್ಲಿ ಆ ಭಾವ ಎದ್ದು ಕಾಣದಿದ್ದರೆ ಸೇರಿಸಬೇಡ.

ಲೆಟ್ಸ್ ಬಂದರೆ ಯಾರು ಹೋಗ್ತಾರೆ ಅಂತ ನೋಡು. 'ಲೆಟ್ಸ್ ಗೋ ಟು ಬಾದಾಮಿ' ಅಂದ್ರೆ ಹೇಳಿದವನೂ ಹೊರಟಿದ್ದಾನೆ, ಕೇಳಿದವನೂ ಹೊರಟಿದ್ದಾನೆ. 'ಹಿ ಸಜೆಸ್ಟೆಡ್ ದಟ್ ದೇ ಶುಡ್ ಗೋ ಟು ಬಾದಾಮಿ.' ನೀನೂ ಆ ಗುಂಪಿನಲ್ಲಿ ಇದ್ದರೆ ದೇ ಬದಲು ವಿ. ಸಜೆಸ್ಟೆಡ್ ಆದ ಮೇಲೆ ಟು ಗೋ ಮಾತ್ರ ಬರೀಬೇಡ, ಅದು ಇಂಗ್ಲಿಷ್ ಅಲ್ಲ. ಲೆಟ್ ಮಿ ಇದ್ದರೆ ವಿಷಯ ಬೇರೆ, ಅಲ್ಲಿ ಒಬ್ಬನೇ ಅನುಮತಿ ಕೇಳ್ತಾ ಇದ್ದಾನೆ. 'ಲೆಟ್ ಮಿ ಸಿಟ್ ಹಿಯರ್' ಅಂತ ರವಿ ಕಂಡಕ್ಟರ್‌ಗೆ ಅಂದರೆ 'ರವಿ ಆಸ್ಕ್ಡ್ ದಿ ಕಂಡಕ್ಟರ್ ಟು ಲೆಟ್ ಹಿಮ್ ಸಿಟ್ ದೇರ್.'